ಇಪ್ಪತ್ತು ಸುತ್ತಿಗೆ ನಲವತ್ಮೂರು

ಅಪ್ಪ ತನ್ನ ಮನೆಯ ಅಡುಗೆಮನೆಯನ್ನು ಒಳಗೆ ನಿಂತು ನೋಡಿದ್ದು ಬಹಳ ಕಡಿಮೆ. ಗೋಕಾಕದ ನಮ್ಮ ಮನೆ ರಸ್ತೆಗೆ ಮುಖ ಮಾಡಿ ಉದ್ದಕ್ಕೆ ಹಿಂದೆ ಹೋಗಿತ್ತು. ಮುಂದೆ ತಗಡಿನ ಗ್ಯಾರೇಜು, ಅದರ ಬೆನ್ನಿಗೆ ಪಡಸಾಲೆ, ಅದರಾಚೆ ಅಡುಗೆಮನೆ ಮತ್ತು ದೇವರ ಕೋಣೆ, ಕೊನೆಯಲ್ಲಿ ಬಚ್ಚಲು. ಪಡಸಾಲೆಗೂ ಅಡುಗೆಮನೆಗೂ ನಡುವೆ ಒಂದು ಕಟ್ಟಿಗೆಯ ಹೊಸ್ತಿಲಿತ್ತು. ಗ್ಯಾರೇಜಿನ ಯಾವ ವಸ್ತುವೂ, ಗ್ಯಾರೇಜಿನಲ್ಲಿ ದುಡಿದ ಯಾವ ಕೈಯೂ ಆ ಹೊಸ್ತಿಲು ದಾಟಬಾರದು ಎಂಬುದು ಅವ್ವನ ಕಟ್ಟಳೆ. ಅವಳು ಹುಕ್ಕೇರಿಯ ಜೈನರ ಮನೆಯ ಮಗಳು; ಬಟ್ಟೆಯಲ್ಲಿ ಸೋಸದ ನೀರನ್ನು ಒಲೆಯ ಮೇಲಿಟ್ಟವಳಲ್ಲ. ಹೊಲವೂ ಕಾಳಿನ ಅಂಗಡಿಯೂ ಇದ್ದ ಮನೆತನದವನು ಎಂದು ಮದುವೆಯಾಗಿ ಬಂದರೆ, ಗಂಡ ದಿನವಿಡೀ ಗಾಡಿಗಳ ಹೊಟ್ಟೆಯ ಕೆಳಗೆ ಮಲಗುತ್ತಿದ್ದ. ಸಂಜೆ ಅಪ್ಪ ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಕಟ್ಟಿಗೆಯ ಹೊಟ್ಟಿನಲ್ಲಿ, ಆಮೇಲೆ ಸಾಬೂನಿನಲ್ಲಿ, ಕಡೆಗೆ ಅವ್ವ ದೂರದಿಂದ ಉದುರಿಸಿದ ಕಡಲೆಹಿಟ್ಟಿನಲ್ಲಿ ಕೈ ತೊಳೆಯುತ್ತಿದ್ದ. ಅಷ್ಟಾದರೂ ಉಗುರಿನ ಸಂದಿಯಲ್ಲಿ ಕರಿಯ ಗೆರೆ ಉಳಿಯುತ್ತಿತ್ತು. ಆದ್ದರಿಂದ ಅವನ ಮಣೆ ಪಡಸಾಲೆಯಲ್ಲೇ. ರೊಟ್ಟಿ, ಬೇಳೆ, ಶೇಂಗಾ ಹಿಂಡಿ ಹೊಸ್ತಿಲ ತನಕ ಅವ್ವನ ಕೈಯಲ್ಲಿ ಬರುತ್ತಿದ್ದವು; ಅಲ್ಲಿಂದ ಮಣೆಯ ತನಕ ನನ್ನ ಕೈಯಲ್ಲಿ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು. ಪಡಸಾಲೆಯ ಕಿಟಕಿಯ ಎರಡನೆಯ ಸರಳಿಗೆ ಬಿಸಿಲು ಇಳಿಯಿತೆಂದರೆ ಅವ್ವನ ಕೂಗು ಗ್ಯಾರೇಜಿನ ತನಕ ಕೇಳುತ್ತಿತ್ತು.

ಎರಡೂ ಕಡೆ ಸಲ್ಲುತ್ತಿದ್ದವಳು ನಾನೊಬ್ಬಳೇ. ಕಾನ್ವೆಂಟ್ ಶಾಲೆಯ ಬಿಳಿ ಕಾಲುಚೀಲ ಬಿಚ್ಚಿಟ್ಟು, ಗೋಣಿಚೀಲಕ್ಕೆ ಪಾದ ಒರೆಸಿ, ಆಚೆಯ ಮಾತು ಈಚೆಗೆ, ಈಚೆಯ ಮಾತು ಆಚೆಗೆ ಒಯ್ಯುತ್ತಿದ್ದೆ. ಗ್ಯಾರೇಜಿನ ಗೋಡೆಯ ಮೇಲೆ ನಟ್ಟು ಬಿಚ್ಚುವ ಪ್ರತಿ ಪಾನದ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದಿದ್ದರು. ಯಾವುದಾದರೊಂದು ಅಲ್ಲಿ ಇಲ್ಲದಿದ್ದರೆ ಅದರ ನೆರಳು ಮಾತ್ರ ನೇತುಬಿದ್ದಂತೆ ಕಾಣುತ್ತಿತ್ತು. ಅಲ್ಲಿನ ಮಿಸ್ತ್ರಿ ಹುಸೇನ ಮಾಮಾ. ಕಿವಿಯ ಹಿಂದೆ ಸೀಸಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ ತೆಳ್ಳನೆಯ ಮನುಷ್ಯ. ನನ್ನನ್ನು ಬೇಟಿ ಎನ್ನುತ್ತಿದ್ದ. ಇನ್ನು ಅಪ್ಪನ ಕಿವಿ. ಅದರ ಸುದ್ದಿ ಮೂಡಲಗಿಯ ತನಕ ಹೋಗಿತ್ತು. ಪಡಸಾಲೆಯಲ್ಲಿ ರೊಟ್ಟಿ ಮುರಿಯುತ್ತ ಕುಳಿತವನು ರಸ್ತೆಯಲ್ಲಿ ಹಾದ ಗಾಡಿಯ ಸದ್ದು ಕೇಳಿ, “ಎರಡನೇ ಗೇರಿನ ಹಲ್ಲು ಹೋಗ್ಯಾವ ಅವಂದು” ಎನ್ನುತ್ತಿದ್ದ. ವಾರ ಕಳೆಯುವುದರೊಳಗೆ ಅದೇ ಗಾಡಿ ನಮ್ಮ ಬಾಗಿಲಿಗೆ ಬಂದು ನಿಂತಿರುತ್ತಿತ್ತು. ಈ ಕಿವಿಯ ಮಾತನ್ನು ನೆನಪಿಡಬೇಕು. ನಾನೇ ಅದನ್ನು ಬಹಳ ವರ್ಷ ಮರೆತಿದ್ದೆ.

ನಾನು ಹತ್ತನೆಯ ಇಯತ್ತೆಗೆ ಬಂದ ವರ್ಷ ಅಪ್ಪನಿಗೆ ರೇಸಿನ ಹುಚ್ಚು ಹತ್ತಿತು. ಹುಕ್ಕೇರಿಯ ಕಡೆ ಒಂದು ಬೀಳುಭೂಮಿಯಲ್ಲಿ ಮಣ್ಣಿನ ಹಾದಿ ಕಡಿದು ಕಾರು ಓಡಿಸುತ್ತಾರೆ, ಕೊಲ್ಲಾಪುರದ ಕಡೆಯಿಂದಲೂ ಗಾಡಿಗಳು ಬರುತ್ತವೆ ಎಂಬ ಸುದ್ದಿ ಬಂದದ್ದೇ ತಡ, ಗ್ಯಾರೇಜಿನ ಮೂಲೆಯಲ್ಲಿ ಹೊದಿಕೆ ಹೊದ್ದು ಮಲಗಿದ್ದ ದುಂಡು ಮೂಗಿನ ಹಳೆಯ ಕಾರೊಂದು ಎಚ್ಚರಗೊಂಡಿತು. ಹಿಂದಿನ ಸೀಟು ಕಿತ್ತರು, ಬಾಗಿಲೊಳಗಿನ ರೆಕ್ಸಿನ್ ಕಿತ್ತರು, ಒಳಗೆಲ್ಲ ಕಬ್ಬಿಣದ ಪೈಪು ಬೆಸೆದರು. ಓಡಿಸುವವನು ನನ್ನ ಅಣ್ಣ ಅಜಿತ. ನನಗಿಂತ ನಾಲ್ಕು ವರ್ಷ ದೊಡ್ಡವನು. ಕಾಲೇಜು ಬಿಟ್ಟಿದ್ದ, ಮೀಸೆ ಬಿಡುತ್ತಿದ್ದ. ಎಂಜಿನ್ನು ತಯಾರಾಯಿತು, ಬ್ರೇಕು ತಯಾರಾದವು. ಎಲ್ಲ ಬಂದು ನಿಂತದ್ದು ಹಿಂದಿನ ಗಾಲಿಗಳ ನಡುವಿನ ಆ ದುಂಡನೆಯ ಕಬ್ಬಿಣದ ಡಬ್ಬಿಯ ಮುಂದೆ. ಹೌಸಿಂಗ್ ಎನ್ನುತ್ತಿದ್ದರು ಅದಕ್ಕೆ. ಎಂಜಿನ್ನಿನಿಂದ ಬರುವ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ, ಅದು ತಿರುಗಿಸುವ ದೊಡ್ಡ ಚಕ್ರ ಕ್ರೌನು. ಗಾಡಿಯ ಜೊತೆ ಬಂದದ್ದು ಹತ್ತಕ್ಕೆ ನಲವತ್ಮೂರು ಹಲ್ಲಿನ ಜೋಡಿ. ಅಪ್ಪ ಮೂಡಲಗಿಯ ಗುಜರಿ ಅಂಗಡಿಯಿಂದ ಇನ್ನೊಂದನ್ನು ಹುಡುಕಿ ತಂದಿದ್ದ: ಎಂಟಕ್ಕೆ ಮೂವತ್ತೊಂಬತ್ತು. ಎರಡನ್ನೂ ಬೆಂಚಿನ ಮೇಲೆ ಹಳೆಯ ಧೋತರದ ಮೇಲಿಟ್ಟು, ಹೆಣ್ಣು ನೋಡಲು ಬಂದವರ ಹಾಗೆ ಮೂವರೂ ದಿನಗಟ್ಟಲೆ ನೋಡಿದರು.

“ಹತ್ತಕ್ಕ ನಲವತ್ಮೂರು ಓಡೂ ಜೋಡಿ, ಎಂಟಕ್ಕ ಮೂವತ್ತೊಂಬತ್ತು ಎಳಿಯೂ ಜೋಡಿ,” ಎಂದು ಹುಸೇನ ಮಾಮಾ ನನಗೆ ಹೇಳಿದ್ದ. “ಸೈಕಲ್ ಹೊಡದೀ ಅಲಾ ಬೇಟಿ? ಮುಂದಿನ ಚಕ್ರದ ಹಲ್ಲು ಕಡಿಮಿ ಇದ್ರ ಏರು ಸಲೀಸು ಏರತೈತಿ, ಇಳಿಜಾರಿನ್ಯಾಗ ಕಾಲು ಬರೇ ತಿರಗತಾವ. ಅಷ್ಟ. ಇದಕ್ಕ ದೊಡ್ಡ ದೊಡ್ಡ ಹೆಸರು ಹೇಳತಾರ.”

ಅಣ್ಣನಿಗೆ ಓಡುವ ಜೋಡಿಯೇ ಬೇಕು.

“ರೇಸು ಅಂದ್ರ ಸ್ಪೀಡು, ಅಪ್ಪಾ. ಗಾಡಿ ನೂರರ ಮ್ಯಾಲ ಹೋಗಬೇಕು. ಎಳಿಯೂ ಜೋಡಿ ಹಾಕಿ ನಾ ಏನು ಕಬ್ಬು ಹೇರಲ್ಯಾ?”

“ಹಾದಿ ನೋಡದ ಗಾಡಿ ಕಟ್ಟಬಾರದಲೇ,” ಎಂದ ಅಪ್ಪ. ಮುಂದಿನ ಭಾನುವಾರ ಹುಕ್ಕೇರಿಗೆ ಹೊರಟಾಗ ನನ್ನನ್ನೂ ಕರೆದ. ಯಾಕೆ ಕರೆದ ಎಂದು ಇಂದಿಗೂ ಯೋಚಿಸುತ್ತೇನೆ. ಬಹುಶಃ ನನ್ನ ಕೈಯಲ್ಲಿ ಚೌಕಾಕೃತಿ ಗೆರೆಯ ನೋಟುಬುಕ್ಕು ಇತ್ತು ಅಂತ ಇರಬಹುದು.

ಆ ಹಾದಿಯನ್ನು ನಾನು ಹೆಜ್ಜೆ ಹಾಕಿ ಅಳೆದೆ. ಶುರುವಾಗುವ ಕಡೆ ಸಣ್ಣ ಬಯಲು, ಎಡಕ್ಕೊಂದು ತಿರುವು, ಆಮೇಲೆ ಕೆಂಪು ಮಣ್ಣಿನ ಒಂದು ಏರು, ಏರಿನ ನೆತ್ತಿಯಲ್ಲಿ ಮತ್ತೊಂದು ತಿರುವು, ಮುಂದೆ ಮುನ್ನೂರು ಹೆಜ್ಜೆಯ ನೇರ ಹಾದಿ. ಅದಕ್ಕಿಂತ ಉದ್ದನೆಯ ನೇರ ಎಲ್ಲೂ ಇರಲಿಲ್ಲ. ಮನೆಗೆ ಬಂದು ಅವ್ವನ ಮಲ್ಲಿಗೆ ಕಟ್ಟುವ ದಾರದಿಂದ ಗಾಲಿಯ ಸುತ್ತಳತೆ ತೆಗೆದೆ: ಆರು ಅಡಿ ಎರಡು ಇಂಚು. ಗಣಿತದ ಸಿಸ್ಟರು ಕಲಿಸಿದ ಹಾಗೆ ಎಡಕ್ಕೆ ಅಂಚು ಬಿಟ್ಟು, ಹಂತ ಹಂತವಾಗಿ ಬರೆದು, ಉತ್ತರದ ಕೆಳಗೆ ಎರಡು ಗೆರೆ ಎಳೆದೆ. ಎಳೆಯುವ ಜೋಡಿ ಹಾಕಿದರೆ ಮೂರನೆಯ ಗೇರಿನಲ್ಲಿ ಎಂಜಿನ್ನು ಕಿರುಚುವ ತನಕ ಒತ್ತಿದಾಗ ಎಂಬತ್ತೈದು. ಓಡುವ ಜೋಡಿ ಹಾಕಿದರೆ ತೊಂಬತ್ತಾರು. ಆದರೆ ಮುನ್ನೂರು ಹೆಜ್ಜೆಯಲ್ಲಿ, ಅದೂ ಮಣ್ಣಿನಲ್ಲಿ, ಯಾವ ಗಾಡಿಯೂ ಎಂಬತ್ತೈದನ್ನು ಮುಟ್ಟುವುದಿಲ್ಲ. ಮುಟ್ಟದ ವೇಗವನ್ನು ಕಟ್ಟಿಕೊಂಡು ಏರಿನಲ್ಲಿ ಉಸಿರು ಕಳೆದುಕೊಳ್ಳುವುದು ಏತಕ್ಕೆ?

ಅಪ್ಪ ಎಣ್ಣೆಯ ಬೆರಳನ್ನು ಕಾಗದಕ್ಕೆ ತಾಗಿಸದೆ, ಗಾಳಿಯಲ್ಲೇ ಸಾಲಿನಿಂದ ಸಾಲಿಗೆ ಇಳಿಸುತ್ತ ಎರಡು ಸಲ ಓದಿದ.

“ಹುಸೇನಾ, ಎಳಿಯೂ ಜೋಡಿ ಹಾಕು,” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಈ ಲೆಕ್ಕ ಖರೆ ಆತಂದ್ರ ನೋಡವಾ, ನಿನ್ನ ಬೆಳಗಾವಿಗೆ ಡಿಪ್ಲೊಮಾಕ್ಕ ಕಳಸ್ತೇನಿ. ಮಶೀನಿನ ಕೆಲಸಾ ಕಲಿ. ಯಾರು ಏನರೆ ಅನ್ನಲಿ.”

ಆ ಮಾತನ್ನು ಪಡಸಾಲೆಯಲ್ಲಿ ಅವ್ವ ಕೇಳಿದಳು, ಹುಸೇನ ಮಾಮಾ ಕೇಳಿದ, ಅಣ್ಣನೂ ಕೇಳಿದ. ನಾನು ಆ ರಾತ್ರಿಯಿಂದಲೇ ಬೆಳಗಾವಿಯ ಹಾಸ್ಟೆಲಿಗೆ ಯಾವ ಚಾದರ ಒಯ್ಯಬೇಕು ಎಂದು ಯೋಚಿಸತೊಡಗಿದೆ. ಹಸಿರು ಅಂಚಿನದು ಎಂದು ನಿಶ್ಚಯವಾಗಿತ್ತು.

ಜೋಡಿ ಹಾಕಿ ಘಟಪ್ರಭೆಯ ರಸ್ತೆಯಲ್ಲಿ ಓಡಿಸಿ ನೋಡಿದ ದಿನ ಅಣ್ಣ ಮುಖ ಗಂಟಿಕ್ಕಿಕೊಂಡು ಬಂದ. ಡಾಂಬರು ರಸ್ತೆಯಲ್ಲಿ ಗೆಳೆಯನೊಬ್ಬನ ಕಾರು ಅವನನ್ನು ಹಿಂದೆ ಹಾಕಿತ್ತು. ಅವರೆಲ್ಲ ಸೇರಿ, ತಂಗಿ ಕಂಪಾಸ್ ಡಬ್ಬಿ ಹಿಡಿದು ಕಟ್ಟಿದ ಗಾಡಿ ಎಂದು ನಕ್ಕರಂತೆ. ಡಾಂಬರಿನ ಮಾತು ಬೇರೆ, ಮಣ್ಣಿನ ಮಾತು ಬೇರೆ ಎಂದು ಅಪ್ಪ ಹೇಳಿದ್ದು ಅವನ ಕಿವಿಗೆ ಹೋಗಲಿಲ್ಲ.

ಅಷ್ಟರಲ್ಲಿ ದಶಲಕ್ಷಣ ಪರ್ವ ಬಂತು. ಭಾದ್ರಪದದ ಆ ಹತ್ತು ದಿನ ಅಪ್ಪ ಬೇರೆಯೇ ಮನುಷ್ಯ. ದಿನಕ್ಕೆ ಒಂದೇ ಊಟ. ಬೆಳಿಗ್ಗೆಯಿಂದ ಸಂಜೆಯ ತನಕ ಬಸದಿಯಲ್ಲಿ. ಗ್ಯಾರೇಜಿನ ನೆಲದಲ್ಲಿ ಇರುವೆ, ಹುಳ ಎಷ್ಟು ಸಾಯುತ್ತವೋ ಎಂದು ಆ ದಿನಗಳಲ್ಲಿ ಒಳಗೆ ಹೆಜ್ಜೆಯನ್ನೇ ಇಡುತ್ತಿರಲಿಲ್ಲ. ಅವ್ವನಿಗೆ ವರ್ಷದಲ್ಲಿ ಅದೇ ನಿಜವಾದ ಹಬ್ಬ, ಏಕೆಂದರೆ ಆ ಹತ್ತು ದಿನ ಗಂಡ ಅಡುಗೆಮನೆಯಲ್ಲಿ ಕುಳಿತು ಉಣ್ಣುತ್ತಿದ್ದ. ಅವನ ಉಗುರುಗಳು ನಿಧಾನಕ್ಕೆ ಬೆಳ್ಳಗಾಗುವುದನ್ನು ನಾನು ಬಡಿಸುತ್ತ ನೋಡುತ್ತಿದ್ದೆ. ಗ್ಯಾರೇಜಿನ ಕೀಲಿಕೈ ಅಣ್ಣನ ಸೊಂಟದಲ್ಲಿತ್ತು. ಆಚೆಯಿಂದ ಜಾಕಿನ ಕಿರಕಿರ ಕೇಳಿಸುತ್ತಿತ್ತು. ಬಣ್ಣ ಹಚ್ಚುತ್ತಿದ್ದಾರೆ ಎಂದುಕೊಂಡೆ. ನನಗೂ ಆ ಹತ್ತು ದಿನ ಗ್ಯಾರೇಜು ನಿಷಿದ್ಧ.

ಪರ್ವ ಮುಗಿದ ಮೇಲೆ ಕ್ಷಮಾವಾಣಿ. ಅಂದು ಎಲ್ಲರೂ ಎಲ್ಲರ ಬಳಿ ಕ್ಷಮೆ ಕೇಳಬೇಕು. ದೊಡ್ಡವರು ಚಿಕ್ಕವರಿಗೆ, ಗಂಡ ಹೆಂಡತಿಗೆ, ಅತ್ತೆ ಸೊಸೆಗೆ. ತಪ್ಪು ಯಾವುದೆಂದು ಹೇಳುವ ರೂಢಿಯಿಲ್ಲ, ಯಾವುದೆಂದು ಕೇಳುವ ರೂಢಿಯೂ ಇಲ್ಲ. ಅಣ್ಣ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ನನ್ನೆದುರು ಬಂದು ಕೈ ಮುಗಿದ. ಬೇರೆ ವರ್ಷ ನಗುತ್ತ, ಜಡೆ ಎಳೆದು ಹೇಳುತ್ತಿದ್ದವನು ಈ ಸಲ ನೆಲ ನೋಡುತ್ತಿದ್ದ.

“ತಿಳದೋ ತಿಳೀದನೋ ತಪ್ಪಾಗಿದ್ರ ಕ್ಷಮಾ ಮಾಡ, ಪದ್ದಿ.”

“ಕ್ಷಮಾ ಮಾಡೀನಿ ಅಣ್ಣಾ. ನೀನೂ ನನ್ನ ಮಾಡು.”

ಅವನ ಕೈಯಿಂದ ಒಂದು ವಾಸನೆ ಬಂತು. ಎಂಜಿನ್ ಎಣ್ಣೆಯ ವಾಸನೆಯಲ್ಲ; ಅದಕ್ಕಿಂತ ದಪ್ಪ, ಬೆಳ್ಳುಳ್ಳಿ ಕೆಟ್ಟರೆ ಬರುವಂಥದ್ದು. ಬೆಳ್ಳುಳ್ಳಿ ಆ ಹತ್ತು ದಿನ ನಮ್ಮ ಮನೆಯ ಸನಿಹಕ್ಕೂ ಬರುತ್ತಿರಲಿಲ್ಲ.

“ಏನಲೇ ಅಜ್ಯಾ, ಪರ್ವದಾಗ ಹೊರಗ ಬಳ್ಳೊಳ್ಳಿ ತಿಂದು ಬಂದೇನು?” ಎಂದು ಅವ್ವ ಮೂಗು ಮುಚ್ಚಿಕೊಂಡಳು. ಎಲ್ಲರೂ ನಕ್ಕೆವು. ಹಿಂದಿನ ಹೌಸಿಂಗಿನೊಳಗೆ ಹಾಕುವ ಎಣ್ಣೆಗೆ ಮಾತ್ರ ಆ ವಾಸನೆ ಇರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕೆ.

ರೇಸಿನ ದಿನ ಕಾರನ್ನು ಟ್ರ್ಯಾಕ್ಟರಿನ ಟ್ರಾಲಿಯ ಮೇಲೇರಿಸಿ ಹುಕ್ಕೇರಿಗೆ ಒಯ್ದರು. ಓಡಿಸಿದರೆ ಟ್ಯೂನ್ ಕೆಡುತ್ತದೆ ಎಂದು ಅಣ್ಣ ಹಟ ಹಿಡಿದಿದ್ದ. ಅಪ್ಪ ನನ್ನನ್ನು ಟ್ರಾಲಿಯ ಬಾಜೂಕ್ಕೆ ನಿಲ್ಲಿಸಿ, ಇದೇ ನನ್ನ ಇಂಜಿನಿಯರು ಎಂದು ಒಬ್ಬಿಬ್ಬರಿಗೆ ತೋರಿಸಿದ. ನಾನು ಶಾಲೆಯ ರಿಬ್ಬನ್ ಕಟ್ಟಿಕೊಂಡಿದ್ದೆ. ಮೊದಲ ಬಯಲಿನಲ್ಲಿ ನಮ್ಮ ಗಾಡಿ ಚೆನ್ನಾಗಿಯೇ ಹೋಯಿತು. ಎಡ ತಿರುವು ದಾಟಿತು. ಏರಿಗೆ ಬಂದಾಗ ಅದು ಕಿರುಚಬೇಕಿತ್ತು. ನಾನು ಆ ಕಿರುಚಾಟಕ್ಕಾಗಿ ಕಿವಿ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಬಂದದ್ದು ಬೇರೆ ಸದ್ದು. ಗುಂಯ್ ಎಂದು ಕೆಳಗಿಳಿಯುತ್ತ, ಇಳಿಯುತ್ತ, ಅಳಲಾರದ ಮುದುಕರ ಗಂಟಲಿನಂತೆ. ಅಣ್ಣ ಗೇರು ಇಳಿಸಿದ. ಗಾಲಿಗಳು ಕೆಂಪು ಮಣ್ಣು ತೋಡಿದವು. ಕ್ಲಚ್ಚು ಸುಟ್ಟ ವಾಸನೆ ನಾವು ನಿಂತಲ್ಲಿಗೆ ಬಂತು. ಹಿಂದಿದ್ದವರೆಲ್ಲ ಪಕ್ಕದಿಂದ ಏರಿ ಹೋದರು. ನಮ್ಮ ಕಾರನ್ನು ಹಗ್ಗ ಕಟ್ಟಿ ಕೆಳಗೆ ತಂದರು.

ಕೊರಳಿಗೆ ಕೆಂಪು ವಸ್ತ್ರ ಸುತ್ತಿಕೊಂಡಿದ್ದ ಬೇರೆ ಗ್ಯಾರೇಜಿನವನೊಬ್ಬ ಹತ್ತಿರ ಬಂದು ಬೇಕಂತಲೇ ಜೋರಾಗಿ ಕೇಳಿದ:

“ಏನ್ರಿ ಸಾವಕಾರ್ರ, ಸಾಲಿ ಹುಡುಗಿ ಲೆಕ್ಕದ ಮ್ಯಾಲ ಗಾಡಿ ಕಟ್ಟಿದ್ರಂತ ಖರೇ ಏನ್ರಿ?”

ಅಪ್ಪ ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ನಕ್ಕ.

“ಹೌದ್ರಿ. ಹುಡುಗಿ ಲೆಕ್ಕ ಮನ್ಯಾಗ ರೊಟ್ಟಿ ಎಣಸಾಕ ಛಲೋ. ಗಾಡಿಗಿ ಅಲ್ಲ.”

ಸುತ್ತ ನಿಂತವರೆಲ್ಲ ನಕ್ಕರು. ನಾನು ರಿಬ್ಬನ್ ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಗೋಕಾಕದ ತನಕ ಅದನ್ನು ಬಿಡಲಿಲ್ಲ. ಮನೆಗೆ ಬಂದು ನೋಡಿದರೆ ಬೆವರಿಗೆ ಅದರ ನೀಲಿ ಅಂಗೈಗೆ ಹತ್ತಿತ್ತು.

ಎರಡು ದಿನ ಲೆಕ್ಕವನ್ನು ಮತ್ತೆ ಮತ್ತೆ ಮಾಡಿದೆ. ತಪ್ಪು ಸಿಗಲಿಲ್ಲ. ಸಿಸ್ಟರಿಗೂ ತೋರಿಸಿದೆ, ಗಾಲಿ, ಹಲ್ಲು ಎಂದು ಹೇಳದೆ ಬರೀ ಅಂಕಿ ತೋರಿಸಿದೆ. ಅವರು ಸರಿ ಎಂದು ಟಿಕ್ ಹಾಕಿದರು. ಮೂರನೆಯ ದಿನ ಮಧ್ಯಾಹ್ನ ಗ್ಯಾರೇಜಿನಲ್ಲಿ ಯಾರೂ ಇಲ್ಲದಾಗ ಹೋದೆ. ಹುಸೇನ ಮಾಮಾ ನಮಾಜಿಗೆ ಹೋಗಿದ್ದ. ಹೌಸಿಂಗಿನ ಬಾಯಿಯ ಅಂಚಿನಲ್ಲಿ ಹೊಸ ಕಾಗದದ ಪ್ಯಾಕಿಂಗು ಬೆಳ್ಳಗೆ ಇಣುಕುತ್ತಿತ್ತು, ಯಾರೋ ಈಚೆಗೆ ಮತ್ತೆ ಬಿಚ್ಚಿ ಮುಚ್ಚಿದಂತೆ. ಒಂದು ಗಾಲಿಗೆ ಜಾಕು ಕೊಟ್ಟು ಎತ್ತಿದೆ. ಶಾಫ್ಟಿಗೊಂದು ಸೀಮೆಸುಣ್ಣದ ಗುರುತು, ಗಾಲಿಗೊಂದು ಗುರುತು. ಒಂದೇ ಗಾಲಿ ಎತ್ತಿದಾಗ ಅದು ಎರಡು ಸುತ್ತು ತಿರುಗಿದರೆ ಕ್ರೌನು ಒಂದು ಸುತ್ತು ತಿರುಗುತ್ತದೆ ಎಂದು ಹುಸೇನ ಮಾಮಾನೇ ಕಲಿಸಿದ್ದ. ಇಪ್ಪತ್ತು ಸುತ್ತು ತಿರುಗಿಸಿದರೆ ಎಳೆಯುವ ಜೋಡಿಯಲ್ಲಿ ಶಾಫ್ಟು ನಲವತ್ತೊಂಬತ್ತಕ್ಕೆ ಕಾಲು ಕಡಿಮೆ ತಿರುಗಬೇಕು. ಮಂಡಿ ಊರಿ, ಲಂಗ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಗಾಲಿ ತಿರುಗಿಸುತ್ತ ಕತ್ತು ಚಾಚಿ ಎಣಿಸಿದೆ. ಇಪ್ಪತ್ತನೆಯ ಸುತ್ತಿಗೆ ಗಾಲಿಯ ಗುರುತು ಮೇಲೆ ಬಂದು ನಿಂತಿತು. ಶಾಫ್ಟಿನದೂ ನಿಂತಿತು. ನಲವತ್ಮೂರು.

ಹೊಸ್ತಿಲ ಈಚೆ ನಿಂತೇ ಅವ್ವನಿಗೆ ಹೇಳಿದೆ. ಅವಳು ಕಣಕ ನಾದುತ್ತಿದ್ದಳು. ಎಲ್ಲ ಕೇಳಿದಳು, ಕೈ ನಿಲ್ಲಲಿಲ್ಲ.

“ಅಣ್ಣಾ ಜೋಡಿ ಬದಲಿ ಮಾಡ್ಯಾನವ್ವಾ. ಪರ್ವದಾಗ. ನನ್ನ ಲೆಕ್ಕ ತಪ್ಪಿಲ್ಲ. ಅಪ್ಪಗ ಹೇಳ್ತೇನಿ.”

“ಕ್ಷಮಾವಾಣಿ ದಿವಸ ಅವಂಗ ಏನಂದೀ?”

“ಏನಂದೆ?”

“ಕ್ಷಮಾ ಮಾಡೀನಿ ಅಂದೀ. ನನ್ನ ಮುಂದನ ಅಂದೀ.”

“ಆಗ ನನಗ ಗೊತ್ತಿರಲಿಲ್ಲವ್ವಾ!”

“ಗೊತ್ತಿದ್ದು ಕೊಡೂದು ವ್ಯಾಪಾರ. ಗೊತ್ತಿಲ್ಲದ ಕೊಟ್ಟರ ಅದು ಕ್ಷಮಾ. ಒಮ್ಮೆ ಕೊಟ್ಟ ಮ್ಯಾಲ ಅದನ್ನ ಹೊಳ್ಳಿ ಎತ್ತಿ ಆಡಿದ್ರ, ಅವನ ಪಾಪ ನಿನ್ನ ತಲಿಗಿ ಬರತೈತಿ.” ಸಣ್ಣ ದನಿಯಲ್ಲಿ ಸೇರಿಸಿದಳು: “ನಿಮ್ಮಪ್ಪನ ಸಿಟ್ಟು ನಿನಗ ಗೊತ್ತೈತಿ. ಅವನ್ನ ಮನಿ ಬಿಟ್ಟ ಹೊರಗ ಹಾಕತಾನ. ಇರಾವ ಒಬ್ಬ ಮಗ. ನಿನಗೇನು, ಇವತ್ತಲ್ಲ ನಾಳಿ ಬ್ಯಾರೇ ಮನಿ.”

ಅವ್ವ ಕೆಟ್ಟವಳಲ್ಲ. ಅವಳು ನನಗೆ ಸುಳ್ಳು ಹೇಳಲಿಲ್ಲ. ತಾನು ನಂಬಿದ್ದನ್ನೇ ಹೇಳಿದಳು. ಅದಕ್ಕೇ ಅದು ನನ್ನನ್ನು ಕಟ್ಟಿಹಾಕಿತು. ಶಾಲೆಯಲ್ಲಿ ಕೊಟ್ಟ ಮಾತಿಗೆ ತಪ್ಪಬೇಡ ಎನ್ನುತ್ತಿದ್ದರು. ಮನೆಯಲ್ಲಿ ಕೊಟ್ಟ ಕ್ಷಮೆಗೆ ತಪ್ಪಬೇಡ ಎಂದರು. ಎರಡೂ ಸೇರಿ ನನ್ನ ಬಾಯಿಗೆ ಹೊಲಿಗೆ ಹಾಕಿದವು. ಒಳ್ಳೆಯ ಹುಡುಗಿಯಾಗಿರುವುದು ಎಂದರೇನೆಂದು ನಾನು ಕಲಿತದ್ದು ಆ ಮಧ್ಯಾಹ್ನ. ಇವತ್ತಿಗೂ ಯಾರಾದರೂ ನನ್ನನ್ನು ಬಹಳ ಶಾಂತ ಸ್ವಭಾವದವಳು ಎಂದು ಹೊಗಳಿದರೆ ನನಗೆ ಆ ಕಣಕದ ಹಸಿ ವಾಸನೆ ಬರುತ್ತದೆ.

ಸೀಮೆಸುಣ್ಣದ ಗುರುತು ಅಳಿಸುವುದನ್ನು ನಾನು ಮರೆತಿದ್ದೆ. ಹುಸೇನ ಮಾಮಾ ಅದನ್ನು ನೋಡಿದ. ಮರುದಿನ ನೀರು ಕೇಳುವ ನೆಪದಲ್ಲಿ ಪಡಸಾಲೆಯ ಬಾಗಿಲಿಗೆ ಬಂದ.

“ಎಣಿಸೀದಿ ಏನು ಬೇಟಿ?”

ನಾನು ತಲೆಯಾಡಿಸಿದೆ.

“ಸಣ್ಣ ಸಾವಕಾರ್ರು ಹಾಕಂದ್ರು, ಹಾಕಿದೆ. ನಂದೂ ತಪ್ಪೈತಿ. ನೀ ಹೇಳಂದ್ರ ನಾಕ ಮಂದಿ ಮುಂದ ಹೇಳ್ತೇನಿ ಹೋಗಿ.”

ಬೇಡ ಎಂದೆ. ಲೋಟ ತೊಳೆದು ನೀರು ಕೊಟ್ಟೆ. ಅವನು ಕುಡಿಯದೆ ಲೋಟ ಅಲ್ಲೇ ಇಟ್ಟು ಹೋದ.

ಬೆಳಗಾವಿಯ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ. ಹತ್ತನೆಯದರಲ್ಲಿ ಗಣಿತಕ್ಕೆ ನನಗೆ ಶಾಲೆಗೇ ಹೆಚ್ಚು ಅಂಕ ಬಂದಾಗ ಅಪ್ಪ ಕರದಂಟು ತಂದು ಹಂಚಿದ. ನಾನು ಧೈರ್ಯ ಮಾಡಿ, “ಅಪ್ಪಾ, ಡಿಪ್ಲೊಮಾ ಫಾರ್ಮು ಬಂದಾವ್ರಿ” ಎಂದೆ. ಅವನು ಕೈ ಒರೆಸಿಕೊಳ್ಳುತ್ತ, ನನ್ನನ್ನು ನೋಡದೆ, “ಲೆಕ್ಕ ಸಾಲ್ಯಾಗ ಇರ್ಲಿ ಬಿಡವಾ. ಹೆಣ್ಮಕ್ಕಳು ಓದೂದು ಓದು” ಎಂದ. ಹೆಣ್ಣುಮಕ್ಕಳ ಓದು ಎಂದರೆ ಊರಿನ ಕಾಲೇಜಿನಲ್ಲಿ ಕಲಾ ವಿಭಾಗ. ಅದೂ ಮುಗಿಯುವ ಮೊದಲೇ ಮೂಡಲಗಿಯಿಂದ ಸಂಬಂಧ ಬಂತು. ನನ್ನ ಗಂಡ ಸಜ್ಜನರು, ಕಾಳಿನ ವ್ಯಾಪಾರ. ಹಸಿರು ಅಂಚಿನ ಚಾದರ ನನ್ನ ಜೊತೆ ಮೂಡಲಗಿಗೆ ಬಂತು. ಗ್ಯಾರೇಜು ಅಣ್ಣನದಾಯಿತು. ರೇಸಿನ ಕಾರನ್ನು ಬಿಚ್ಚಿ ಮಾರಿದರು. ಆ ಸೋಲಿನ ಕತೆ ಮಾತ್ರ ಉಳಿಯಿತು. ಮದುವೆ ಮುಂಜಿಗಳಲ್ಲಿ ನೆಂಟರು ಸೇರಿದಾಗ ಅಣ್ಣನೇ ಅದನ್ನು ಹೇಳಿ ನಗಿಸುತ್ತಿದ್ದ: ನಮ್ಮ ಪದ್ದಿ ಲೆಕ್ಕ ಮಾಡಿ ಗಾಡಿ ಮಣ್ಣಾಗ ಹುಗಿಸಿದ್ಲು. ಎಷ್ಟು ಸಲ ಹೇಳಿದನೆಂದರೆ ಕೊನೆಗೆ ಅವನೂ ಅದನ್ನು ನಂಬಿರಬೇಕು. ನಾನು ಬಡಿಸುತ್ತ ನಗುತ್ತಿದ್ದೆ.

ಪ್ರತಿ ಕ್ಷಮಾವಾಣಿಗೆ ಅವನ ಫೋನು ಬರುತ್ತಿತ್ತು. ಅದೇ ಮಾತು, ಅದೇ ಉತ್ತರ. ಅಪ್ಪನದು ಹಾಗಲ್ಲ. ಅವನು ಪ್ರತಿ ವರ್ಷ ಅಂದು ಬೆಳಿಗ್ಗೆಯ ಮೊದಲ ಬಸ್ಸು ಹಿಡಿದು ಮೂಡಲಗಿಗೆ ಬರುತ್ತಿದ್ದ. ಮೊಣಕಾಲು ನೋವು ಶುರುವಾದ ಮೇಲೂ ಬಂದ. ಅವ್ವನ ಬಳಿ ಕ್ಷಮೆ ಕೇಳುವ ಮೊದಲೇ ನನ್ನ ಬಳಿ ಬಂದು ಕೈ ಮುಗಿಯುತ್ತಿದ್ದ. ಮುಗಿದ ಕೈಯನ್ನು ಬೇಗ ಇಳಿಸುತ್ತಿರಲಿಲ್ಲ. “ಅಪ್ಪಾ, ಸಾಕ್ರಿ, ಕ್ಷಮಾ, ಕ್ಷಮಾ” ಎಂದು ನಾನೇ ಅವನ ಕೈ ಹಿಡಿದು ಇಳಿಸುತ್ತಿದ್ದೆ. ಒಬ್ಬಳೇ ಮಗಳ ಮೇಲಿನ ಮಮತೆ ಎಂದು ನಮ್ಮ ಮನೆಯವರಿಗೆಲ್ಲ ಬಹಳ ಮೆಚ್ಚುಗೆ. ನನಗೂ ಹೆಮ್ಮೆ. ಉಣ್ಣಲು ಅಡುಗೆಮನೆಗೆ ಬನ್ನಿ ಎಂದು ಕರೆದರೆ ಬರುತ್ತಿರಲಿಲ್ಲ. ಹೊರಗಿನ ಕೋಣೆಯಲ್ಲೇ ಕುಳಿತು ಉಂಡು, ಸಂಜೆಯ ಬಸ್ಸಿಗೆ ಹೋಗುತ್ತಿದ್ದ.

ಅಪ್ಪ ತೀರಿಕೊಂಡ ಮರುವರ್ಷ ಹುಸೇನ ಮಾಮಾ ನಮ್ಮ ಮನೆಗೆ ಬಂದ. ಕುಲಗೋಡದಲ್ಲಿ ಮಗಳ ಮನೆಯಲ್ಲಿದ್ದ. ಕಣ್ಣಿಗೆ ಪೊರೆ ಬಂದಿತ್ತು. ಧೋತರದ ತುಂಡಿನಲ್ಲಿ ಏನೋ ಸುತ್ತಿ ತಂದಿದ್ದ. ಬಿಚ್ಚಿದರೆ ಎಂಟು ಹಲ್ಲಿನ ಪಿನಿಯನ್ನು. ಗ್ಯಾರೇಜಿನ ಹಳೆಯ ಮಾಲನ್ನೆಲ್ಲ ಗುಜರಿಗೆ ತೂಕಕ್ಕೆ ಹಾಕಿದಾಗ ಇದೊಂದನ್ನು ತೆಗೆದಿಟ್ಟುಕೊಂಡಿದ್ದನಂತೆ. ಇಷ್ಟು ವರ್ಷದ ಮೇಲೂ ಅದಕ್ಕೆ ತುಕ್ಕು ಹಿಡಿದಿರಲಿಲ್ಲ. ಎಣ್ಣೆ ಒರೆಸುತ್ತ ಬಂದಿರಬೇಕು. ಅದನ್ನು ಮಡಿಲಲ್ಲಿಟ್ಟುಕೊಂಡು ನಾನು, ಅಪ್ಪನಿಗೆ ಕೊನೆಗೂ ಗೊತ್ತಾಗಲಿಲ್ಲ ಅಲ್ಲವೇ ಎಂದೆ.

ಅವನು ಚಹಾದ ಬಸಿ ಕೆಳಗಿಟ್ಟ.

“ಗೊತ್ತಾಗಲಿಲ್ಲಂತ ಯಾರಂದ್ರು ಬೇಟಿ? ಅವರ ಕಿವಿ ನಿನಗ ಗೊತ್ತಿಲ್ಲೇನು? ಏರಿನ್ಯಾಗ ಗಾಡಿ ಉಸಿರು ಬಿಟ್ಟಾಗ ಸಾವಕಾರ್ರು ತಿರುಗಿ ನನ್ನ ಮಾರಿ ನೋಡಿದ್ರು. ನಾ ನೆಲಾ ನೋಡಿದೆ. ಅಷ್ಟಕ್ಕ ಅವರಿಗಿ ಎಲ್ಲಾ ತಿಳೀತು. ಮರುದಿವಸ ನಸಕಿನ್ಯಾಗ ತಾವ ಬಂದು, ಗಾಲಿ ಎತ್ತಿ, ಎಣಿಸಿದ್ರು. ನಲವತ್ಮೂರು ಅಂದ್ರು. ಇದರ ಮಾತು ಇಲ್ಲಿಗೇ ಮುಚ್ಚು ಹುಸೇನಾ ಅಂದ್ರು. ಕೈ ತೊಳಕೊಂಡು ಹೋದ್ರು.”

ಏರಿನಲ್ಲಿ ಗಾಡಿ ನಿಂತದ್ದು ಮೊದಲು. ಕೆಂಪು ವಸ್ತ್ರದವನು ಬಂದು ಕೇಳಿದ್ದು ಆಮೇಲೆ. ಅಂದರೆ ರೊಟ್ಟಿಯ ಮಾತು ಆಡಿದಾಗ ಅಪ್ಪನಿಗೆ ಗೊತ್ತಿತ್ತು. ಆ ಒಂದು ಕ್ಷಣದ ಮೌನದಲ್ಲಿ ಅವನು ಎರಡನ್ನೂ ತೂಗಿದ್ದ: ಮಗ ಮೋಸ ಮಾಡಿದ ಎಂದು ಜನರೆದುರು ಹೇಳುವುದೋ, ಮಗಳ ಲೆಕ್ಕ ತಪ್ಪಿತು ಎಂದು ಹೇಳುವುದೋ. ಹಗುರಾದದ್ದನ್ನು ಆರಿಸಿಕೊಂಡ. ಆರಿಸಿಕೊಂಡ ಮೇಲೆ ಅದಕ್ಕೆ ತಕ್ಕಂತೆ ನನ್ನ ಬೆಳಗಾವಿಯನ್ನೂ ಮುಚ್ಚಬೇಕಾಯಿತು. ನನ್ನನ್ನು ಕಳಿಸಿದ್ದರೆ ಲೆಕ್ಕ ಸರಿಯಿತ್ತು ಎಂದು ಒಪ್ಪಿದಂತಾಗುತ್ತಿತ್ತು. ಆಮೇಲೆ ಪ್ರತಿ ವರ್ಷ ಬಸ್ಸು ಹತ್ತಿ ಬಂದು, ಏನೂ ಹೇಳದೆ, ನನ್ನಿಂದ ಕ್ಷಮೆ ಒಯ್ದ. ನಾನು ನಗುನಗುತ್ತ ಕೊಟ್ಟೆ. ಅವನ ಕೈಗಳನ್ನು ನಾನೇ ಹಿಡಿದು ಇಳಿಸಿದೆ.

ಅವನಿಗೆ ಕೇಳಲು ಈಗ ಆಗುವುದಿಲ್ಲ. ಈ ಸಲದ ಕ್ಷಮಾವಾಣಿಗೆ ಅಣ್ಣನ ಫೋನು ಯಾವಾಗಲೂ ಬರುವ ಹೊತ್ತಿಗೆ, ಸಂಜೆ ಊಟಕ್ಕೆ ಮುಂಚೆ ಬಂತು.

“ತಿಳದೋ ತಿಳೀದನೋ ತಪ್ಪಾಗಿದ್ರ ಕ್ಷಮಾ ಮಾಡವಾ, ಪದ್ದಿ.”

“ಯಾವ ತಪ್ಪಿಗಿ?” ಎಂದೆ.

“ಆಂ?”

“ಯಾವ ತಪ್ಪಿಗಿ ಅಂತ ಕೇಳಾಕತ್ತೇನಿ ಅಣ್ಣಾ.”

“ಅದು ಹಂಗ ಅನ್ನೂದು ಅಲಾ,” ಎಂದು ನಕ್ಕ. ನಾನು ನಗಲಿಲ್ಲ. ಅವನ ಹಿಂದೆ ಯಾವುದೋ ಎಂಜಿನ್ನು ಓಡುತ್ತಿತ್ತು. ಯಾರೋ ಅದನ್ನು ಬಂದ್ ಮಾಡಿದರು.

“ಹೆಸರು ಹೇಳಿ ಕೇಳು. ಹೇಳಿದ್ರ ಕೊಡ್ತೇನಿ. ಖರೇನ ಕೊಡ್ತೇನಿ.”

ಹೇಳುತ್ತಾನೆ ಎಂದೇ ನಾನು ಕಾದೆ. ಆಮೇಲೆ, “ಗಿರಾಕಿ ಬಂದಾರ, ಇಡ್ತೇನಿ” ಎಂದ.

ಪಿನಿಯನ್ನು ನನ್ನ ಅಡುಗೆಮನೆಯ ಕಿಟಕಿಯಲ್ಲಿದೆ, ಉಪ್ಪಿನ ಡಬ್ಬಿಯ ಬಾಜೂಕ್ಕೆ. ಅದನ್ನು ಹೊಸ್ತಿಲು ದಾಟಿಸಿ ಒಳಗೆ ತಂದವಳು ನಾನೇ. ಬಿಸಿಲು ಅದರ ಹಲ್ಲುಗಳ ತನಕ ಇಳಿದಿತ್ತು. ಸೂರ್ಯ ಮುಳುಗುವುದರೊಳಗೆ ಊಟ ಆಗಬೇಕು. ಎಲ್ಲರಿಗೂ ತಟ್ಟೆ ಹಾಕಿ ರೊಟ್ಟಿ ಬಡಿಸಿದೆ. ಎಷ್ಟು ರೊಟ್ಟಿ ಎಂದು ಎಣಿಸಲಿಲ್ಲ.